ಮಳೆಯಲ್ಲಿ ಅಮ್ಮನಿಗೆ ಕೋಲಾರ ತೋರಿಸಿದ್ದು

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ ಈಗ 68 ವರ್ಷ. ಕೋಲಾರಕ್ಕೆ ಅವಳು ಬಂದಿರುವುದಕ್ಕೆ ಲೆಕ್ಕವೇ ಇಲ್ಲ. ಜಮೀನಿನ ಕೇಸಿಗೆ ವರ್ಷಗಟ್ಟಲೆ ಕೋರ್ಟಿಗೆ ಬಂದಳು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹದಿನೇಳು ದಿನ ಇಲ್ಲೇ ಇದ್ದಳು. ಆಮೇಲೆ ಅಪ್ಪನ ಕಾಗದ ಪತ್ರಗಳಿಗೆ ಅಂತ ಮತ್ತೆ ನಾಲ್ಕೈದು ಸಲ ಓಡಾಡಿದಳು. ಪ್ರತಿ ಸಲವೂ ಬಸ್ ಸ್ಟ್ಯಾಂಡಿನಿಂದ ನೇರ ಕೆಲಸದ ಜಾಗಕ್ಕೆ, ಅಲ್ಲಿಂದ ನೇರ ವಾಪಸ್. ಈ ದಸರಾ ರಜೆಗೆ ಬೆಂಗಳೂರಿನಿಂದ ಊರಿಗೆ ಹೋದಾಗ ಮಾತಿಗೆ ಮಾತು ಬಂದು, "ಕೋಲಾರಕ್ಕೆ ಹೋಗಿದ್ದೀನಿ, ಕೋಲಾರ ನೋಡಿಲ್ಲ ಕಣೆ" ಅಂದಳು. ಆ ಮಾತು ನನಗೆ ತಡೆದುಕೊಳ್ಳಲು ಆಗಲಿಲ್ಲ. ರಜೆಯನ್ನು ಇನ್ನೆರಡು ದಿನ ಹೆಚ್ಚಿಸಿಕೊಂಡೆ. ಸೋಮವಾರ ಹೋಗುವುದು ಅಂತ ಗೊತ್ತುಮಾಡಿದೆವು.

ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದರೆ ಜಡಿ ಮಳೆ. ನಮ್ಮ ಕಡೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಹೀಗೇ ಹಿಡಿದುಕೊಳ್ಳುತ್ತದೆ. ಗುಡುಗಿಲ್ಲ, ಗಾಳಿಯಿಲ್ಲ, ಸುಮ್ನೆ ಸಣ್ಣಗೆ ದಿನವೆಲ್ಲ ಸುರಿಯುತ್ತದೆ. ಬೇಡ, ನಾಳೆ ಹೋಗೋಣ ಅಂತ ಹೇಳಲು ಅಡುಗೆಮನೆಗೆ ಹೋದೆ. ಅಮ್ಮ ಆಗಲೇ ತಲೆ ಬಾಚಿ, ಹೂ ಮುಡಿದು, ಇರುವುದರಲ್ಲಿ ಒಳ್ಳೆಯ ಕಾಟನ್ ಸೀರೆ ಉಟ್ಟು ನಿಂತಿದ್ದಳು. "ಮಳೆ ಬಂದರೆ ಯಾರಾದರೂ ಮನೆಯಲ್ಲಿ ಕೂರ್ತಾರಾ? ನಮ್ಮ ಜಿಲ್ಲೆಯಲ್ಲಿ ಮಳೆ ಬರೋದೇ ಅಪರೂಪ" ಅಂದಳು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ನಮ್ಮದು. ನಮ್ಮ ತೋಟದಲ್ಲಿ 1,200 ಅಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂದಿದ್ದನ್ನು ಅವಳು ನಿಂತು ನೋಡಿದ್ದಾಳೆ. ಅವಳಿಗೆ ಮಳೆ ಒಂದು ಅಡ್ಡಿ ಅಂತ ಅನ್ನಿಸಲೇ ಇಲ್ಲ.

ಮೊದಲ ತೊಂದರೆ ಬಸ್ಸಿನಲ್ಲೇ ಶುರುವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಸರ್ಕಾರಿ ಬಸ್ಸಿನಲ್ಲಿ ನಮ್ಮಂಥ ಹೆಂಗಸರಿಗೆಲ್ಲ ಸೊನ್ನೆ ಟಿಕೆಟ್. ನನ್ನ ಆಧಾರ್ ಪರ್ಸಿನಲ್ಲಿತ್ತು. ಅಮ್ಮನದು ಮನೆಯಲ್ಲಿ ಟ್ರಂಕಿನೊಳಗೆ. ಒಳ್ಳೆಯ ಸೀರೆ, ಹೊಸ ಬ್ಯಾಗು ಅನ್ನುವ ಸಂಭ್ರಮದಲ್ಲಿ ಮರೆತಿದ್ದಳು. ನನ್ನ ಫೋನಿನಲ್ಲಿ ಒಂದು ಹಳೆಯ ಫೋಟೊ ಇತ್ತು, ಅರ್ಧ ಮಸುಕು. ಕಂಡಕ್ಟರ್ ಇದು ನಡೆಯಲ್ಲಮ್ಮ ಅಂದರು. ಡಿಜಿಲಾಕರ್ ತೆರೆಯೋಣ ಅಂತ ಹೋದರೆ ಒಟಿಪಿ ಹೋಗಿದ್ದು ಅಪ್ಪನ ನಂಬರಿಗೆ. ಅಪ್ಪ ಹೋಗಿ ನಾಲ್ಕು ವರ್ಷ. ಆ ಸಿಮ್ ನಿಂತುಹೋಗಿ ಎಷ್ಟೋ ಕಾಲವಾಗಿದೆ. ಸ್ಕ್ರೀನಿನ ಮೇಲೆ ಅಪ್ಪನ ನಂಬರಿನ ಕೊನೆಯ ನಾಲ್ಕು ಅಂಕಿ ಕಂಡಾಗ ನನಗೆ ಮಾತೇ ಹೊರಡಲಿಲ್ಲ. ಅಮ್ಮ ಇಣುಕಿ ನೋಡಿದಳು. "ಅಪ್ಪಂದಲ್ವಾ?" ಅಂತ ಕೇಳಿ ಸೆರಗಿನ ಗಂಟಿನಿಂದ ದುಡ್ಡು ಬಿಚ್ಚಿ ಕೊಟ್ಟಳು. ಮೂವತ್ತು ಚಿಲ್ಲರೆ ರೂಪಾಯಿ.

ವಯಸ್ಸಾದವರ ಆಧಾರ್‌ಗೆ ಯಾವ ನಂಬರ್ ಜೋಡಿಸಿದೆ ಅಂತ ದಯವಿಟ್ಟು ಇವತ್ತೇ ನೋಡಿ. ನಮ್ಮ ಹಳ್ಳಿಗಳಲ್ಲಿ ಮನೆಗೆಲ್ಲ ಒಂದೇ ಫೋನ್ ಇದ್ದಾಗ ಕೊಟ್ಟ ನಂಬರ್ ಅದು. ಆಧಾರ್ ಕೇಂದ್ರಕ್ಕೆ ಅವರನ್ನೇ ಕರೆದುಕೊಂಡು ಹೋಗಿ ಬೆರಳು ಒತ್ತಿಸಿದರೆ ನಂಬರ್ ಬದಲಾಗುತ್ತದೆ, ಅದಕ್ಕೆ ಬೇರೆ ದಾಖಲೆ ಕೇಳುವುದಿಲ್ಲ. ಮತ್ತೆ ಮಳೆಗಾಲದಲ್ಲಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ನನ್ನದು ಸಂಜೆ ಹೊತ್ತಿಗೆ ನೆನೆದು ಅಂಚು ಬಿಟ್ಟುಕೊಂಡಿತ್ತು.

ಎಂಟು ಗಂಟೆಗೆ ಕೋಲಾರ ತಲುಪಿದೆವು. ಮೊದಲು ಕೋಲಾರಮ್ಮನ ಗುಡಿ, ಆಮೇಲೆ ಸೋಮೇಶ್ವರ, ಊಟ, ಆಮೇಲೆ ಅಂತರಗಂಗೆ ಅಂತ ನಾನು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದೆ. ಬಸ್ ಇಳಿದು ಛತ್ರಿ ಬಿಚ್ಚುತ್ತಾ ಅಮ್ಮ ಕೇಳಿದಳು, "ಟೊಮೆಟೊ ಮಂಡಿ ಎಲ್ಲಿದೆ?"

ಅಮ್ಮ ಇಪ್ಪತ್ತೈದು ವರ್ಷ ಟೊಮೆಟೊ ಬೆಳೆದವಳು. ಸಸಿ ನಾಟಿದ್ದು, ಕಡ್ಡಿ ಕಟ್ಟಿದ್ದು, ಬೆಳಗಿನ ಜಾವ ಬಿಡಿಸಿ ಬಾಕ್ಸಿಗೆ ತುಂಬಿದ್ದು ಎಲ್ಲ ಅವಳೇ. ಬಾಕ್ಸು ಟೆಂಪೊ ಹತ್ತಿದ ಮೇಲೆ ಏನಾಗುತ್ತದೆ ಅಂತ ನೋಡಿದ್ದು ಅಪ್ಪ ಮಾತ್ರ. ಸಂಜೆ ಅಪ್ಪ ತಂದು ಕೊಡುತ್ತಿದ್ದ ಮಂಡಿ ಚೀಟಿಯನ್ನು ದೇವರ ಮನೆಯ ಗೂಡಿನಲ್ಲಿ ಇಡುವುದಷ್ಟೇ ಅವಳ ಪಾಲಿಗೆ ಬಂದಿದ್ದು. ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ಯೋಚಿಸಿರಲಿಲ್ಲ.

ಆಟೊದವರು ಎಪಿಎಂಸಿ ಯಾರ್ಡಿಗೆ 80 ರೂಪಾಯಿ ಕೇಳಿದರು, ಕೊಟ್ಟೆವು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಇದೂ ಒಂದು ಅಂತ ಪೇಪರಿನಲ್ಲಿ ಓದಿದ್ದೆ. ಒಳಗೆ ಹೋದ ಮೇಲೆ ಗೊತ್ತಾಯಿತು. ಎಲ್ಲಿ ನೋಡಿದರೂ ಬಾಕ್ಸಿನ ಮೇಲೆ ಬಾಕ್ಸು, ನಡುವೆ ಲಾರಿಗಳು, ಕಾಲ ಕೆಳಗೆ ಕೆಸರು. ಕೆಸರಿನ ಬಣ್ಣವೇ ಕೆಂಪು. ಬಿದ್ದ ಹಣ್ಣು ಲಾರಿ ಚಕ್ರಕ್ಕೆ ಸಿಕ್ಕಿ, ಮಳೆ ನೀರಿನಲ್ಲಿ ಕಲೆತು ಹರಿಯುತ್ತಿತ್ತು. ಅಮ್ಮ ಸೀರೆಯನ್ನು ಹಿಮ್ಮಡಿಯಿಂದ ಮೇಲೆತ್ತಿ ಸಿಕ್ಕಿಸಿಕೊಂಡಳು. ಗದ್ದೆಗಿಳಿಯುವಾಗ ಹೇಗೋ ಹಾಗೆ.

ನಾವು ಹೋಗುವಷ್ಟರಲ್ಲಿ ಕೆಲವು ಮಂಡಿಗಳಲ್ಲಿ ಹರಾಜು ಮುಗಿದಿತ್ತು, ಒಂದೆರಡು ಕಡೆ ನಡೆಯುತ್ತಿತ್ತು. ಮಂಡಿಯವರು ಬಾಕ್ಸುಗಳ ಸಾಲಿನ ಮುಂದೆ ನಿಂತು ಕೂಗುತ್ತಾರೆ, ಸುತ್ತ ವ್ಯಾಪಾರಿಗಳು. ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲ ಕಿವಿಗೆ ಬೀಳುತ್ತದೆ. ಅರ್ಧ ನಿಮಿಷ, ಒಂದು ಸಾಲು ಮುಗಿಯಿತು. ಮುಂದಿನ ಸಾಲು. ಅಮ್ಮ ಆ ಅರ್ಧ ನಿಮಿಷವನ್ನು ಮೂರು ಸಲ ನೋಡಿದಳು. "ಮೂರು ತಿಂಗಳ ಕೆಲಸ, ಇಷ್ಟು ಬೇಗ ಮುಗಿಸಿಬಿಡ್ತಾರಾ?" ಅಂದಳು. ಒಂದು ಬಾಕ್ಸಿನ ಹತ್ತಿರ ಕೂತು ಮೇಲಿನ ಹಣ್ಣು ಸರಿಸಿ ಕೆಳಗಿನದನ್ನು ತೆಗೆದು ನೋಡಿದಳು. ಹೆಬ್ಬೆರಳಿನಿಂದ ತೊಟ್ಟಿನ ಹತ್ತಿರ ಒತ್ತಿದಳು. ಮಳೆಗೆ ಸಿಕ್ಕಿ ಅಲ್ಲೊಂದು ಸಣ್ಣ ಬಿರುಕು ಬಿಟ್ಟಿತ್ತು. ಹಣ್ಣನ್ನು ಇದ್ದ ಜಾಗದಲ್ಲೇ ಇಟ್ಟು, "ಇದು ಡೆಲ್ಲಿ ತಲುಪಲ್ಲ" ಅಂದಳು. ಪಕ್ಕದಲ್ಲಿ ಗೋಣಿ ಕೊಪ್ಪೆ ಹಾಕಿಕೊಂಡು ನಿಂತಿದ್ದ ಹಮಾಲಿಯೊಬ್ಬರು ಆ ಮಾತು ಕೇಳಿಸಿಕೊಂಡರು. ಖಾಲಿ ಬಾಕ್ಸೊಂದನ್ನು ಬೋರಲು ಹಾಕಿ ಕೂತ್ಕೊಳ್ಳಮ್ಮ ಅಂತ ಕೊಟ್ಟರು.

ಅಲ್ಲಿ ಅರ್ಧ ಗಂಟೆ ಕೂತಿದ್ದೆವು. ಒಂದು ಬಾಕ್ಸಿಗೆ 15 ಕೆಜಿ. 2023ರ ಜುಲೈನಲ್ಲಿ ಇದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆ ವರ್ಷ ಅಮ್ಮ ಟೊಮೆಟೊ ಇಟ್ಟಿರಲಿಲ್ಲ. ಅದಕ್ಕೆ ಮುಂಚೆ ಯಾವುದೋ ಒಂದು ವರ್ಷ ಬಾಡಿಗೆಗೂ ಸಾಲದೆ ಅಪ್ಪ ಒಂದು ಟೆಂಪೊ ಹಣ್ಣನ್ನು ದಾರಿಯಲ್ಲೇ ಸುರಿದು ಬಂದಿದ್ದರು. ಯಾವ ಜಾಗದಲ್ಲಿ ಸುರಿದರು ಅಂತ ಅಪ್ಪ ಹೇಳಿರಲಿಲ್ಲವಂತೆ. ಮಂಡಿಯಲ್ಲಿ ಕೂತು ಅಮ್ಮ ನನಗೆ ಇದನ್ನೆಲ್ಲ ಹೇಳಿದಳು. ಮನೆಯಲ್ಲಿ ಯಾವತ್ತೂ ಹೇಳಿದವಳಲ್ಲ.

ನೀವೂ ಯಾರನ್ನಾದರೂ ಮಂಡಿಗೆ ಕರೆದುಕೊಂಡು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಲಾರಿ ಹಿಂದಕ್ಕೆ ಬರುವ ಕಡೆ ನಿಲ್ಲಬೇಡಿ. ಹವಾಯಿ ಚಪ್ಪಲಿ ಬೇಡವೇ ಬೇಡ. ನನ್ನದು ಕೆಸರಿನಲ್ಲಿ ಕಿತ್ತುಬಂದು, ಪೇಟೆಯಲ್ಲಿ 220 ರೂಪಾಯಿ ಕೊಟ್ಟು ಬೇರೆ ತಗೊಂಡೆ. ಅದನ್ನು ಹುಡುಕಲು ಮುಕ್ಕಾಲು ಗಂಟೆ ಹೋಯಿತು.

ಹಾಗಾಗಿ ಕೋಲಾರಮ್ಮನ ಗುಡಿಗೆ ಬರುವಾಗ ಹತ್ತೂವರೆ ದಾಟಿತ್ತು. ಮಳೆಯಿಂದ ಜನ ಕಡಿಮೆ. ಒಂದು ಸಾವಿರ ವರ್ಷದ ಹಿಂದಿನ ಗುಡಿ, ಚೋಳರ ಕಾಲದ್ದು. ಗೋಡೆ, ಕಟ್ಟೆಯ ಮೇಲೆಲ್ಲ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು. ನೆನೆದ ಕಲ್ಲಿನ ಮೇಲೆ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತಿದ್ದವು, ಅಮ್ಮ ಬೆರಳಾಡಿಸಿದಳು. ಅದಕ್ಕೂ ಹಿಂದೆ ಗಂಗರು ತಲಕಾಡಿಗೆ ಹೋಗುವ ಮೊದಲು ಇದೇ ಊರು ಅವರ ರಾಜಧಾನಿ. ಆಗ ಹೆಸರು ಕುವಲಾಲಪುರ. ದೇವಿಯದು ಉಗ್ರ ರೂಪ ಅಂತ ಎದುರಿಗಿರುವ ಕನ್ನಡಿಯಲ್ಲಿ ದರ್ಶನ ಮಾಡುವ ರೂಢಿ ಇಲ್ಲಿದೆ. ಅಮ್ಮ ಕನ್ನಡಿಯನ್ನೇ ನೋಡುತ್ತಾ ಬಹಳ ಹೊತ್ತು ಕೈಮುಗಿದುಕೊಂಡು ನಿಂತಳು.

ಅದೇ ಗುಡಿಯಲ್ಲಿರುವ ಚೇಳಮ್ಮನ ಹತ್ತಿರ ಅವಳು ಇನ್ನೂ ಜಾಸ್ತಿ ಹೊತ್ತು ನಿಂತಳು. ಚೇಳಿನ ದೇವತೆ. ಇಲ್ಲಿ ಹರಕೆ ಹೊತ್ತರೆ ಚೇಳು ಕಡಿಯುವುದಿಲ್ಲ ಅಂತ ನಂಬಿಕೆ. ಕಾಣಿಕೆ ಹಾಕಲು ನೆಲದೊಳಕ್ಕೆ ಒಂದು ತೂತು. ಎಷ್ಟೋ ಕಾಲದಿಂದ ಜನ ಹಾಕುತ್ತಲೇ ಇದ್ದಾರೆ, ಒಮ್ಮೆಯೂ ತೆಗೆದಿಲ್ಲ ಅಂತ ಹೇಳುತ್ತಾರೆ. ಅಮ್ಮನಿಗೆ ಕಡಲೆಕಾಯಿ ಕೀಳುವಾಗ ಚೇಳು ಕಡಿದು ಎರಡು ದಿನ ಒದ್ದಾಡಿದ್ದು ನನಗೆ ನೆನಪಿದೆ. ನಾನಾಗ ಐದನೇ ಕ್ಲಾಸು. ಆವತ್ತು ಕಡಿಸಿಕೊಂಡ ಅದೇ ಬೆರಳಿನಿಂದ ಐದು ರೂಪಾಯಿ ನಾಣ್ಯವನ್ನು ತೂತಿಗೆ ಜಾರಿಸಿ, ಕಿವಿಯಿಟ್ಟು ಕೇಳಿದಳು. ಶಬ್ದ ಬರಲಿಲ್ಲ. "ತುಂಬಾ ಆಳ ಇದೆ" ಅಂದಳು.

ಇಲ್ಲಿ ಒಂದು ಎಚ್ಚರಿಕೆ. ಮಳೆ ಬಿದ್ದ ದಿನ ಇಂಥ ಗುಡಿಗಳ ಅಂಗಳದ ಕಲ್ಲು ಎಣ್ಣೆ ಸವರಿದ ಹಾಗಿರುತ್ತದೆ. ಬರಿಗಾಲಲ್ಲೇ ನಡೆಯಬೇಕು. ಅಮ್ಮ ಒಂದು ಸಲ ಜಾರಿ ನನ್ನ ತೋಳಿಗೆ ಬಿದ್ದಳು. ನಾನು ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದಿದ್ದರಿಂದ ಇಬ್ಬರೂ ಬೀಳಬೇಕಿತ್ತು. ಆಮೇಲೆ ಛತ್ರಿ ಮಡಚಿಬಿಟ್ಟೆ. ವಯಸ್ಸಾದವರ ಜೊತೆ ಹೋಗುವಾಗ ರೇನ್‌ಕೋಟ್ ಹಾಕಿಕೊಂಡು ಎರಡು ಕೈಯೂ ಖಾಲಿ ಇಟ್ಟುಕೊಳ್ಳಿ. ಒಂದು ಟವೆಲ್ ಇದ್ದರೆ ಹೊಸ್ತಿಲು ದಾಟುವ ಮೊದಲು ಅವರ ಪಾದ ಒರೆಸಬಹುದು.

ಸೋಮೇಶ್ವರ ದೇವಸ್ಥಾನ ಅಲ್ಲಿಗೆ ಹತ್ತಿರ. ಆದರೆ ಮಳೆ ಜೋರಾಗಿ, ಒಂದು ಅಂಗಡಿಯ ಜಗುಲಿಯಲ್ಲಿ ನಿಂತು ನಿಂತು, ತಲುಪುವಷ್ಟರಲ್ಲಿ ಗರ್ಭಗುಡಿಯ ಬಾಗಿಲು ಹಾಕಿತ್ತು. ಇನ್ನು ಸಂಜೆಯೇ. ನನಗೆ ಅಳು ಬರುವಷ್ಟು ಬೇಜಾರಾಯಿತು. ಚಪ್ಪಲಿ ಹುಡುಕಿದ ಮುಕ್ಕಾಲು ಗಂಟೆ ಉಳಿಸಿದ್ದರೆ ಸಿಗುತ್ತಿತ್ತು. ಅಮ್ಮ ಹೊರಗಿನಿಂದಲೇ ನಮಸ್ಕಾರ ಮಾಡಿ ಕಲ್ಯಾಣ ಮಂಟಪದ ಕಡೆ ನಡೆದಳು. ವಿಜಯನಗರದವರ ಕಾಲದ ಮಂಟಪ. ಒಂದೊಂದು ಕಂಬದಲ್ಲೂ ಎಷ್ಟು ಕೆಲಸ! ಅದರ ನೆರಳಿನಲ್ಲಿ ನಾವಿಬ್ಬರೇ. ಸುತ್ತ ಮಳೆಯ ತೆರೆ. ಅಮ್ಮ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಳು. ನಾನು ಅವಳ ಸೀರೆಯ ಅಂಚು ಹಿಂಡಿ ಹರವಿದೆ. ಸುಮಾರು ಒಂದು ಗಂಟೆ ಹಾಗೇ ಇದ್ದೆವು. ಅವಳು ಹತ್ತು ನಿಮಿಷ ನಿದ್ದೆಯನ್ನೂ ಮಾಡಿದಳು.

ಎದ್ದ ಮೇಲೆ ನೀರು ಕೊಟ್ಟರೆ ಬೇಡ ಅಂದಳು. ಬೆಳಿಗ್ಗೆಯಿಂದ ಅವಳು ಒಂದು ಗುಟುಕು ನೀರೂ ಕುಡಿದಿಲ್ಲ ಅಂತ ಆಗ ನನಗೆ ಹೊಳೆಯಿತು. ಕೇಳಿದರೆ, "ಎಲ್ಲಿ ಹೋಗೋದು ಆಮೇಲೆ?" ಅಂದಳು. ಕೋರ್ಟಿಗೆ ಬರುತ್ತಿದ್ದಾಗಲೂ ಹೀಗೇ, ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಮುಟ್ಟುತ್ತಿರಲಿಲ್ಲವಂತೆ. ಇದನ್ನು ನಾನು ದೊಡ್ಡಕ್ಷರದಲ್ಲಿ ಹೇಳಬೇಕು. ನಮ್ಮ ಅಮ್ಮಂದಿರು ಬಾಯಿಬಿಟ್ಟು ಹೇಳುವುದಿಲ್ಲ. ಹೊರಡುವ ಮೊದಲೇ ಎಲ್ಲೆಲ್ಲಿ ಒಳ್ಳೆಯ ಶೌಚಾಲಯ ಇದೆ ಅಂತ ನೋಡಿಟ್ಟುಕೊಳ್ಳಿ, ಅವರಿಗೂ ಹೇಳಿ. ನಾನು ಗೂಗಲ್‌ನಲ್ಲಿ ಹುಡುಕಿ, ಫೋನ್ ಮಾಡಿ ಕೇಳಿ, ಶೌಚಾಲಯ ಇರುವ ಒಂದು ಹೋಟೆಲಿಗೆ ಆಟೊದಲ್ಲಿ ಕರೆದುಕೊಂಡು ಹೋದೆ. 50 ರೂಪಾಯಿ. ಅಲ್ಲಿ ಕೈಕಾಲು ತೊಳೆದು ಬಂದ ಮೇಲೆ ಅಮ್ಮನ ಮುಖವೇ ಬೇರೆಯಾಯಿತು. ಎರಡು ಲೋಟ ನೀರು ಕುಡಿದಳು. ಮುದ್ದೆ ಊಟ ಇಬ್ಬರಿಗೂ ಸೇರಿ 180. ಮುದ್ದೆ ಸ್ವಲ್ಪ ಮೆತ್ತಗಾಗಿದೆ ಅಂದಳು, ಆದರೆ ಪೂರ್ತಿ ಉಂಡಳು.

ಅಂತರಗಂಗೆಗೆ ಈ ಮಳೆಯಲ್ಲಿ ಬೇಡ ಅಂತ ನಾನು ನಿರ್ಧರಿಸಿದ್ದೆ. ಶತಶೃಂಗ ಬೆಟ್ಟದ ಮೇಲಿದೆ, ಮೆಟ್ಟಿಲು ಜಾಸ್ತಿ, ಮೊಣಕಾಲು ಕೇಳುವುದಿಲ್ಲ. ಹೋಟೆಲಿನಿಂದ ಹೊರಗೆ ಬಂದಾಗ ಬೆಟ್ಟದ ಅರ್ಧ ಮೋಡದಲ್ಲಿ ಮುಚ್ಚಿತ್ತು. ಅಮ್ಮ ಅದನ್ನೇ ನೋಡುತ್ತಾ, "ಕೆಳಗೆ ನಿಂತು ನೋಡಿಕೊಂಡು ಬರೋಣ, ಹತ್ತಲ್ಲ" ಅಂದಳು. ಪೇಟೆಯಿಂದ ಮೂರ್ನಾಲ್ಕು ಕಿಲೋಮೀಟರ್. ಆಟೊದವರು ಹೋಗಿ, ಕಾದು, ವಾಪಸ್ ಬಸ್ ಸ್ಟ್ಯಾಂಡಿಗೆ ಬಿಡಲು 400 ಕೇಳಿದರು. ಮಾತಾಡಿ 350ಕ್ಕೆ ಒಪ್ಪಿಸಿದೆ. ಮಳೆ ದಿನ ಅಲ್ಲಿಂದ ವಾಪಸ್ ಬರಲು ಗಾಡಿ ಸಿಗುವುದು ಕಷ್ಟ, ಕಾಯುವ ಮಾತು ಮೊದಲೇ ಆಡಿಕೊಳ್ಳಿ.

ಬುಡದಲ್ಲಿ ಆಟೊ ನಿಂತಾಗ ಮಳೆ ತುಂತುರಿಗೆ ಇಳಿದಿತ್ತು. ಅಮ್ಮ ಮೊದಲ ಮೆಟ್ಟಿಲಿಗೆ ಕೈಮುಗಿದಳು. ಆಮೇಲೆ ಹತ್ತಲು ಶುರು ಮಾಡಿದಳು. ನಾನು ಬೇಡಮ್ಮ ಅನ್ನುತ್ತಲೇ ಇದ್ದೆ. ಹತ್ತು ಮೆಟ್ಟಿಲು, ಕೂರುವುದು. ಮತ್ತೆ ಹತ್ತು, ಮತ್ತೆ ಕೂರುವುದು. ನೂರರವರೆಗೆ ಎಣಿಸಿದಳು, ಆಮೇಲೆ ಬಿಟ್ಟಳು. ಮೆಟ್ಟಿಲ ಅಂಚಿನಲ್ಲಿ ನೀರು ಸಣ್ಣ ಕಾಲುವೆಯ ಹಾಗೆ ಇಳಿಯುತ್ತಿತ್ತು. ಕೋತಿಗಳು ಮರದ ಕೆಳಗೆ ಮೈ ಮುದುಡಿಕೊಂಡು ಕೂತಿದ್ದವು. ಒಂದು ಮಾತ್ರ ಬಂದು ನನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಕವರನ್ನು ಕಿತ್ತುಕೊಂಡು ಹೋಯಿತು. ಕವರ್ ಕೈಯಲ್ಲಿ ಹಿಡಿಯಬೇಡಿ, ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ. ಬೇರೆಯವರು ಇಪ್ಪತ್ತು ನಿಮಿಷದಲ್ಲಿ ಹತ್ತುವ ದಾರಿಗೆ ನಮಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಒಂದು ಕಡೆ ಅವಳ ಉಸಿರು ಜೋರಾದಾಗ ನಾನು ನಿಜವಾಗಿಯೂ ಹೆದರಿದೆ. ನೀರು ಕುಡಿಸಿ, ಬೆನ್ನು ಸವರಿ, ಇಳಿಯೋಣ ಅಂದೆ. "ಬಂದಿದ್ದೀನಿ, ನೋಡಿಯೇ ಹೋಗ್ತೀನಿ" ಅಂದಳು.

ಮೇಲೆ ಕಾಶಿ ವಿಶ್ವೇಶ್ವರನ ಗುಡಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಬೆಟ್ಟದೊಳಗಿನ ಬುಗ್ಗೆಯ ನೀರು, ಬೇಸಿಗೆಯಲ್ಲೂ ನಿಲ್ಲುವುದಿಲ್ಲ ಅಂತ ಇಲ್ಲಿಯವರು ಹೇಳುತ್ತಾರೆ. ಗಂಗೆಯೇ ಒಳದಾರಿಯಲ್ಲಿ ಬರುತ್ತಾಳೆ ಅಂತ ನಂಬಿಕೆ, ಹೆಸರು ಬಂದಿದ್ದೂ ಹಾಗೇ. ಅಮ್ಮ ಬಳೆಗಳನ್ನು ಮೊಣಕೈಗೆ ಸರಿಸಿ ಎರಡೂ ಅಂಗೈ ಒಡ್ಡಿದಳು. ನೀರು ತುಂಬಿ ಚೆಲ್ಲುತ್ತಿದ್ದರೂ ಕೈ ತೆಗೆಯಲಿಲ್ಲ. "ಸಾವಿರದ ಇನ್ನೂರು ಅಡಿ ಕೊರೆಸಿದ್ವಿ" ಅಂದಳು, ಯಾರಿಗೆ ಹೇಳಿದಳೋ ಗೊತ್ತಿಲ್ಲ. ಆಮೇಲೆ ಕುಡಿದು, ಕಣ್ಣಿಗೆ ಒತ್ತಿಕೊಂಡು, ಉಳಿದಿದ್ದನ್ನು ನನ್ನ ತಲೆಗೆ ಚಿಮುಕಿಸಿದಳು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ನಾನು ಒಂದು ಮೆಟ್ಟಿಲು ಮುಂದೆ, ಅವಳ ದಿಕ್ಕಿಗೆ ಮುಖ ಮಾಡಿ, ಎರಡು ಕೈ ಹಿಡಿದುಕೊಂಡು ಹಿಂದೆ ಹಿಂದೆ ಇಳಿದೆ. ಅವಳು ಅಡ್ಡಡ್ಡವಾಗಿ ಕಾಲಿಡುತ್ತಾ ಬಂದಳು. ಹೀಗೆ ಇಳಿದರೆ ಮೊಣಕಾಲಿನ ಮೇಲೆ ಭಾರ ಕಡಿಮೆ ಬೀಳುತ್ತದೆ. ಆಟೊದವರು ಎರಡೂವರೆ ಗಂಟೆ ಕಾದಿದ್ದರು. ಬೇಜಾರು ಮಾಡಿಕೊಳ್ಳದೆ, "ಅಜ್ಜಿ ಹತ್ತಿಬಿಟ್ರಾ?" ಅಂತ ಕೇಳಿದರು. 400 ಕೊಟ್ಟೆ, ಕೊಡಬೇಕಾದ್ದೇ.

ದಾರಿಯಲ್ಲಿ ಅವರೇ ಕೋಲಾರಮ್ಮ ಕೆರೆಯ ಹತ್ತಿರ ಒಂದು ನಿಮಿಷ ನಿಲ್ಲಿಸಿದರು. ಬೂದು ಬಣ್ಣದ ನೀರಿನ ಮೇಲೆ ಮಳೆ ಹನಿ ಬೀಳುತ್ತಿತ್ತು. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಜಿಲ್ಲೆಯ ಕೆರೆಗಳಲ್ಲಿ ಬರೀ ಜಾಲಿ ಗಿಡ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಬಗ್ಗೆ ನನಗೆ ಸಮಾಧಾನವೂ ಇದೆ, ಭಯವೂ ಇದೆ. ಅಮ್ಮ ಅವತ್ತು ಅದನ್ನೇನೂ ಕೇಳಲಿಲ್ಲ. ಆಟೊದ ಪಕ್ಕದ ಪರದೆ ಸರಿಸಿ ನೀರು ನೋಡುತ್ತಾ ಕೂತಳು.

ಬಸ್ ಸ್ಟ್ಯಾಂಡಿನಲ್ಲಿ ಐವತ್ತು ನಿಮಿಷ ಕಾದೆವು. ವಾಪಸ್ಸಿಗೂ ಅಮ್ಮ ಟಿಕೆಟ್ ತಗೊಂಡಳು. ಎಲ್ಲ ಸೇರಿ, ಚಪ್ಪಲಿ, ಟೀ, ಹೂ ಹಣ್ಣು, ಕಾಣಿಕೆ ಅಂತ ಲೆಕ್ಕ ಹಾಕಿದರೆ 1,150 ರೂಪಾಯಿ ಆಗಿತ್ತು. ಒಂದು ದಿನಕ್ಕೆ ಎರಡು ಜಾಗಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ನಿಮಗೆ ಹೇಳುತ್ತೇನೆ. ಗುಡಿಗಳನ್ನು ಹನ್ನೆರಡರೊಳಗೆ ಮುಗಿಸಿ, ಇಲ್ಲವೇ ಸಂಜೆಗೆ ಇಟ್ಟುಕೊಳ್ಳಿ.

ಮನೆಗೆ ಬಂದು ಬಿಸಿನೀರಿನಲ್ಲಿ ಕಾಲು ಅದ್ದಿಸಿ, ಎಣ್ಣೆ ಹಚ್ಚುತ್ತಿದ್ದೆ. ಪಕ್ಕದ ಮನೆಯ ಚಿಕ್ಕಮ್ಮ ಬಂದು ಏನೇನು ನೋಡಿದ್ರಿ ಅಂದರು. ಕೋಲಾರಮ್ಮನನ್ನು ಒಂದು ಮಾತಿನಲ್ಲಿ, ಅಂತರಗಂಗೆಯನ್ನು ಎರಡು ಮಾತಿನಲ್ಲಿ ಹೇಳಿ, ಅಮ್ಮ ಮಂಡಿಯ ವಿಷಯಕ್ಕೆ ಬಂದಳು. ಸಾಲು ಹೇಗಿರುತ್ತದೆ, ಯಾರು ಕೂಗುತ್ತಾರೆ, ಯಾರು ಬೆರಳು ಎತ್ತುತ್ತಾರೆ ಅಂತ ಕೈ ಮಾಡಿ ತೋರಿಸಿದಳು. ಅರ್ಧ ಗಂಟೆ ಅದೇ ಮಾತು. ಚಿಕ್ಕಮ್ಮ ಎದ್ದು ಹೋದ ಮೇಲೆ ನನ್ನನ್ನು ಕೇಳಿದಳು.

"ಮುಂದಿನ ಸಲ ಬಂದಾಗ ಮೊದಲ ಬಸ್ಸಿಗೇ ಹೋಗೋಣ ಕಣೆ. ಹರಾಜು ಶುರುವಾಗೋದರಿಂದ ನೋಡ್ಬೇಕು."